ಘಾಟಿಗೆ ತಕ್ಕ ಹಲ್ಲು: ರೋಡ್ ಬೈಕಿನ ಕ್ರ್ಯಾಂಕ್‌ಸೆಟ್ ಬದಲಿಸುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ ಸಮುದ್ರಮಟ್ಟದಿಂದ 570 ಮೀಟರ್ ಆಸುಪಾಸು. ಆಗುಂಬೆ 640ರ ಆಸುಪಾಸು. ಬರೀ ಈ ಎರಡು ಅಂಕಿ ನೋಡಿದರೆ ನಡುವೆ ಏರೇ ಇಲ್ಲ ಅನ್ನಿಸಬೇಕು. ಆದರೆ ಗಾಜನೂರು, ಸಕ್ರೆಬೈಲು ದಾಟಿ ತೀರ್ಥಹಳ್ಳಿ ರಸ್ತೆಯಲ್ಲಿ ತುಳಿದವರಿಗೆ ಗೊತ್ತು: ರಸ್ತೆ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ, ಮಂಡಗದ್ದೆ ಕಳೆದರೂ ಅದೇ ಆಟ. ಅಸಲಿ ಪರೀಕ್ಷೆ ಇರುವುದು ಆಗುಂಬೆಯ ಆಚೆ. ನಮ್ಮ ಕಡೆಯಿಂದ ಹೋದವರಿಗೆ ಘಾಟಿ ಮೊದಲು ಇಳಿಜಾರು. 14 ತಿರುವು ಜುಮ್ಮಂತ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದಾಯ್ತು. ವಾಪಸ್ ಹತ್ತಬೇಕಲ್ಲ!

ಅಲ್ಲಿ ಮೊಣಕಾಲು ಹಿಡಿದವರು ಮರುದಿನವೇ ಹೊಸ ಕ್ರ್ಯಾಂಕ್‌ಸೆಟ್ (ಪೆಡಲ್ ಹಿಡಿದ ಎರಡು ತೋಳು, ಅವುಗಳಿಗೆ ಕೂಡಿದ ಮುಂದಿನ ಹಲ್ಲುಚಕ್ರಗಳು; ಚಿಕ್ಕದಾಗಿ ಕ್ರ್ಯಾಂಕ್) ಹುಡುಕಲು ಶುರು ಮಾಡುತ್ತಾರೆ. ಒಳ್ಳೆಯದೇ. ಆದರೆ ಬಹಳಷ್ಟು ಜನ ನೋಡುವುದು ತೂಕವನ್ನು. ಮೊನ್ನೆ ನಮ್ಮ ಜೊತೆ ತುಳಿಯುವ ಕಾಲೇಜು ಹುಡುಗನೊಬ್ಬ ಕೇಳಿದ, "ಅಣ್ಣಾ, ಇದು ಅರ್ಧ ಕೆ.ಜಿ. ಕಮ್ಮಿ ಇದೆ, ಘಾಟಿ ಸಲೀಸಾಗುತ್ತಲ್ವಾ?" ಲೆಕ್ಕ ಹಾಕೋಣ. ಸವಾರ, ಸೈಕಲ್ ಸೇರಿ 80 ಕೆ.ಜಿ. ಅಂದರೆ ಅರ್ಧ ಕೆ.ಜಿ. ನೂರಕ್ಕೆ ಒಂದು ಪಾಲೂ ಅಲ್ಲ. ಒಂದು ಗಂಟೆಯ ಏರಿನಲ್ಲಿ ಉಳಿಯುವುದು ಇಪ್ಪತ್ತು ಚಿಲ್ಲರೆ ಸೆಕೆಂಡು. ಅದೇ ಅರ್ಧ ಲೀಟರ್ ನೀರು ಕಮ್ಮಿ ತುಂಬಿಕೊಂಡರೂ ಅಷ್ಟೇ ಲಾಭ. ಮಲೆನಾಡಿನಲ್ಲಿ ಕ್ರ್ಯಾಂಕ್ ಬದಲಿಸುವುದಿದ್ದರೆ ಹಲ್ಲು ನೋಡಿ ಬದಲಿಸಿ, ಗ್ರಾಂ ನೋಡಿ ಅಲ್ಲ.

ಮೊದಲು ಹಲ್ಲಿನ ಲೆಕ್ಕ

ಪೆಡಲ್ ಪಕ್ಕದ ಹಲ್ಲುಚಕ್ರದ, ಅಂದರೆ ಚೈನ್‌ರಿಂಗಿನ, ಹಲ್ಲನ್ನು ಹಿಂದಿನ ಗಾಲಿಯ ಹಲ್ಲುಚಕ್ರದ ಹಲ್ಲಿನಿಂದ ಭಾಗಿಸಿ. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು ಸಿಗುತ್ತದೆ. 700x25 ಟೈರಿನ ಸುತ್ತಳತೆ ಸುಮಾರು 2.1 ಮೀಟರ್.

ಕಡಿದಾದ ತಿರುವಿನಲ್ಲಿ ವೇಗ ಗಂಟೆಗೆ 8 ಕಿ.ಮೀ.ಗೆ ಇಳಿದಿದೆ ಅಂದುಕೊಳ್ಳಿ. ಹಳೆಯ ರೇಸಿಂಗ್ ಸೈಕಲ್ಲಿನ 39ರ ಚೈನ್‌ರಿಂಗ್, ಹಿಂದೆ 25 ಹಲ್ಲು ಇದ್ದರೆ ಕಾಲು ನಿಮಿಷಕ್ಕೆ 40 ಸುತ್ತಷ್ಟೇ ತಿರುಗುತ್ತದೆ. ಅದು ತುಳಿಯುವುದಲ್ಲ, ಒದ್ದಾಡುವುದು. ಇವತ್ತಿನ ಸಾಮಾನ್ಯ ಜೋಡಿ 34ಕ್ಕೆ 28ರಲ್ಲಿ ಅದು 52 ಸುತ್ತು ಆಗುತ್ತದೆ. 30ಕ್ಕೆ 32 ಹಾಕಿದರೆ 67ರ ಮೇಲೆ. ಮೊಣಕಾಲಿಗೆ ಇದೇ ಹಿತ.

"ಹಾಗಾದ್ರೆ ಇಳಿಜಾರಲ್ಲಿ ವೇಗ ಸಿಗಲ್ವಲ್ಲ?" ಅನ್ನುವ ಮಾತು ಬಂದೇ ಬರುತ್ತದೆ. ಮುಂದೆ 46, ಹಿಂದೆ 11 ಇಟ್ಟು ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 47 ಕಿ.ಮೀ. 50ರ ಚೈನ್‌ರಿಂಗ್ ಇದ್ದರೆ 51. ಈ ನಾಲ್ಕು ಕಿ.ಮೀ. ಬೇಕೇ ಬೇಕು ಅನ್ನುವವರು ಭದ್ರಾವತಿ ಕಡೆಯ ಸಪಾಟು ರಸ್ತೆಯಲ್ಲಿ ಗುಂಪಾಗಿ ತುಳಿಯುವವರು. ಘಾಟಿ ಇಳಿಯುವಾಗ ಯಾರೂ ತುಳಿಯುವುದಿಲ್ಲ, ಬ್ರೇಕ್ ಹಿಡಿದಿರುತ್ತಾರೆ.

ಇಲ್ಲಿ ಒಂದು ಮಾತು. ನಿಮ್ಮದು ಈಗಾಗಲೇ 50/34 (ಮುಂದಿನ ದೊಡ್ಡ ರಿಂಗಿಗೆ 50 ಹಲ್ಲು, ಚಿಕ್ಕದಕ್ಕೆ 34) ಆಗಿದ್ದು, ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್, ಅತಿ ದೊಡ್ಡ ಚಕ್ರ 25 ಅಥವಾ 28 ಹಲ್ಲಿನದ್ದಾದರೆ, ಮೊದಲು ಕ್ಯಾಸೆಟ್ ಬದಲಿಸಿ ನೋಡಿ. 11-32 ಹಾಕಿದರೆ 34ಕ್ಕೆ 32 ಸಿಗುತ್ತದೆ. ಖರ್ಚು ಕಡಿಮೆ, ಕೆಲಸವೂ ಕಡಿಮೆ. ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 32 ತಡೆಯುತ್ತದಾ ಅಂತ ಮಾತ್ರ ನೋಡಿಕೊಳ್ಳಿ. ಅಷ್ಟರಲ್ಲಿ ಸಮಾಧಾನವಾದರೆ ಈ ಲೇಖನದ ಉಳಿದ ಭಾಗ ನಿಮಗೆ ಬೇಕಿಲ್ಲ. ಆಗಲಿಲ್ಲ, ಅಥವಾ ಕ್ರ್ಯಾಂಕ್ ಸವೆದಿದೆ, ಅಥವಾ 53/39ರಲ್ಲೇ ಸಿಕ್ಕಿಕೊಂಡಿದ್ದೀರಿ ಅಂದರೆ ಮುಂದೆ ಓದಿ.

ಬರೀ ಚೈನ್‌ರಿಂಗ್ ಬದಲಿಸಿದರೆ ಸಾಲದಾ?

ಕೆಲವೊಮ್ಮೆ ಸಾಕು. ಚೈನ್‌ರಿಂಗ್ ಕೂರುವ ಬೋಲ್ಟುಗಳು ಒಂದು ವೃತ್ತದ ಮೇಲಿರುತ್ತವೆ. ಆ ವೃತ್ತದ ವ್ಯಾಸವನ್ನು ಬಿಸಿಡಿ ಅನ್ನುತ್ತಾರೆ. 130 ಮಿ.ಮೀ. ಬಿಸಿಡಿ ಇರುವ ಹಳೆಯ ಕ್ರ್ಯಾಂಕಿನಲ್ಲಿ 38ಕ್ಕಿಂತ ಚಿಕ್ಕದು ಕೂರುವುದಿಲ್ಲ, ಜಾಗವೇ ಇಲ್ಲ. 110ರಲ್ಲಿ 34ರ ತನಕ, ಕಷ್ಟಪಟ್ಟು 33. ಹಾಗಾಗಿ 52/36 ಇರುವ, ರಿಂಗನ್ನು ನಾಲ್ಕು ಬೋಲ್ಟಿನಲ್ಲಿ ಹಿಡಿಸುವ 110 ಬಿಸಿಡಿಯ ಶಿಮಾನೊ ಕಂಪನಿಯ ಕ್ರ್ಯಾಂಕಿಗೆ 50/34ರ ಜೋಡಿ ಚೈನ್‌ರಿಂಗ್ ತಂದು ಹಾಕಬಹುದು, ಪೂರ್ತಿ ಕ್ರ್ಯಾಂಕ್ ಬೇಡ. 30 ಅಥವಾ 31 ಬೇಕೆಂದರೆ ಮಾತ್ರ ಕ್ರ್ಯಾಂಕೇ ಬದಲಾಗಬೇಕು. ಶಿಮಾನೊದ ಜಿಆರ್‌ಎಕ್ಸ್‌ನಲ್ಲಿ 46/30, 48/31 ಇವೆ. ಒಳಗಿನ ರಿಂಗಿಗೆ ಅಂತಲೇ 80 ಮಿ.ಮೀ.ನ ಬೇರೆ ವೃತ್ತ ಕೊಟ್ಟಿದ್ದಾರೆ. ಎಫ್‌ಎಸ್‌ಎ ಕಂಪನಿಯಲ್ಲೂ 46/30, 48/32 ಸಿಗುತ್ತವೆ.

ಜಿಆರ್‌ಎಕ್ಸ್ ಕ್ರ್ಯಾಂಕಿಗೆ ಒಂದು ತಕರಾರಿದೆ. ಅದರ ಚೈನ್‌ರಿಂಗ್ ಮಾಮೂಲಿ ರೋಡ್ ಕ್ರ್ಯಾಂಕಿಗಿಂತ 2.5 ಮಿ.ಮೀ. ಹೊರಗೆ ಕೂರುತ್ತದೆ. ನಿಮ್ಮ ಹಳೆಯ ಮುಂದಿನ ಡಿರೇಲರ್ ಅಷ್ಟು ದೂರ ಚಾಚದೆ ಇರಬಹುದು. ಜಿಆರ್‌ಎಕ್ಸ್‌ನದೇ ಮುಂದಿನ ಡಿರೇಲರ್ ಹಾಕಿದರೆ ತಲೆನೋವಿಲ್ಲ. ಆ ಖರ್ಚನ್ನೂ ಸೇರಿಸಿಕೊಂಡೇ ಬಜೆಟ್ ಮಾಡಿ.

ಫ್ರೇಮಿಗೆ ಯಾವುದು ಕೂರುತ್ತದೆ

ದುಡ್ಡು ಪೋಲಾಗುವುದು ಹೆಚ್ಚಾಗಿ ಇಲ್ಲೇ. ಕ್ರ್ಯಾಂಕಿನ ಎರಡು ತೋಳನ್ನು ಜೋಡಿಸುವ ದಂಡ ಫ್ರೇಮಿನ ತಳದ ಅಡ್ಡ ಕೊಳವೆಯೊಳಗೆ ತಿರುಗುತ್ತದೆ. ಅಲ್ಲಿರುವ ಬೇರಿಂಗ್ ಜೋಡಿಯೇ ಬಾಟಮ್ ಬ್ರಾಕೆಟ್, ಎಲ್ಲರೂ ಬಿಬಿ ಅನ್ನುತ್ತಾರೆ. ಫ್ರೇಮಿನ ಕೊಳವೆಗೂ ಬಿಬಿಗೂ ಹೊಂದಬೇಕು, ಬಿಬಿಗೂ ಕ್ರ್ಯಾಂಕಿನ ದಂಡಕ್ಕೂ ಹೊಂದಬೇಕು.

ಸೈಕಲ್ ತಿರುವಿ ಹಾಕಿ ಕೊಳವೆ ನೋಡಿ. ಬೇರಿಂಗ್ ಕೂರುವ ಬಟ್ಟಲು, ಅಂದರೆ ಕಪ್ಪು (cup), ಹೊರಗೆ ಕಾಣುತ್ತಾ, ಅದರ ಸುತ್ತ ಉಪಕರಣ ಹಿಡಿಯಲು ಕಚ್ಚುಗಳಿವೆಯಾ? ಹಾಗಿದ್ದರೆ ಅದು ಮರೆಯ, ಅಂದರೆ ಥ್ರೆಡ್ ಇರುವ ಕೊಳವೆ. ನಮ್ಮಲ್ಲಿ ಮಾರಾಟವಾಗುವ ಅಲ್ಯೂಮಿನಿಯಂ, ಸ್ಟೀಲ್ ಸೈಕಲ್‌ಗಳಲ್ಲಿ ಇದೇ ಜಾಸ್ತಿ. ಕೊಳವೆಯ ಅಗಲ ಅಳೆಯಿರಿ. 68 ಮಿ.ಮೀ. ಬಂದರೆ ಬಿಎಸ್‌ಎ, ಅದೃಷ್ಟ ನಿಮ್ಮದು. 70 ಬಂದರೆ ಇಟಾಲಿಯನ್, ಅದರ ಬಿಬಿಯೇ ಬೇರೆ. ಕಪ್ಪಿಗೆ ಕಚ್ಚೇ ಇಲ್ಲ, ಕೊಳವೆ 86.5 ಮಿ.ಮೀ. ಅಗಲ ಇದೆ ಅಂದರೆ ಒತ್ತಿ ಕೂರಿಸಿದ ಪ್ರೆಸ್‌ಫಿಟ್. ಕಾರ್ಬನ್ ಫ್ರೇಮುಗಳಲ್ಲಿ ಇದು ಮಾಮೂಲು. ಪ್ರೆಸ್‌ಫಿಟ್ ಬಿಬಿಯನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವ ಸಾಹಸ ಬೇಡ. ಬೇರಿಂಗ್ ವಾರೆ ಕೂತರೆ ಫ್ರೇಮ್ ಹಾಳು. ಅದಕ್ಕೆ ಬೇಕಾದ ಪ್ರೆಸ್ ಯಾರ ಹತ್ತಿರ ಇದೆ ಅಂತ ಮೊದಲೇ ವಿಚಾರಿಸಿ, ಆ ಒಂದು ಕೆಲಸ ಅವರಿಗೇ ಕೊಡಿ.

ಇನ್ನು ಕ್ರ್ಯಾಂಕಿನ ದಂಡ. ಅಗ್ಗದ ರೋಡ್ ಬೈಕ್‌ಗಳಲ್ಲಿ ದಂಡದ ತುದಿ ಚೌಕಾಕಾರ, ತುದಿಯತ್ತ ಸಣ್ಣಗಾಗುತ್ತದೆ. ಇದು ಸ್ಕ್ವೇರ್ ಟೇಪರ್. ದಂಡ ಬಿಬಿಯ ಜೊತೆಗೇ ಇರುತ್ತದೆ, ಎರಡೂ ತೋಳು ಬಿಚ್ಚಿ ಬರುತ್ತವೆ. ಹೊಸ ಶಿಮಾನೊ ಕ್ರ್ಯಾಂಕುಗಳಲ್ಲಿ ದಂಡ ಬಲ ತೋಳಿಗೇ ಅಂಟಿಕೊಂಡಿರುತ್ತದೆ, ದಪ್ಪ 24 ಮಿ.ಮೀ., ಹೆಸರು ಹಾಲೋಟೆಕ್ 2. ಸ್ರ್ಯಾಮ್ ಕಂಪನಿಯ ಡಬ್ ಮಾದರಿಯ ದಂಡ ಸುಮಾರು 29 ಮಿ.ಮೀ. ಸ್ಕ್ವೇರ್ ಟೇಪರ್‌ನಿಂದ ಹಾಲೋಟೆಕ್ 2ಕ್ಕೆ ಹೋಗುವುದಿದ್ದರೆ ಬಿಬಿಯನ್ನೂ ಕೊಳ್ಳಲೇಬೇಕು. ಬಿಎಸ್‌ಎ ಫ್ರೇಮಾದರೆ ಈ ಬದಲಾವಣೆ ಮನೆಯಲ್ಲೇ ಆಗುತ್ತದೆ.

ಸ್ಪೀಡ್ (ಹಿಂದೆ ಎಷ್ಟು ಹಲ್ಲುಚಕ್ರ ಇವೆ ಅನ್ನುವ ಲೆಕ್ಕ) ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 10 ಸ್ಪೀಡ್ ಸೈಕಲ್ಲಿಗೆ 11 ಸ್ಪೀಡಿನ ಕ್ರ್ಯಾಂಕ್ ಹಾಕಿದರೂ ರೂಢಿಯಲ್ಲಿ ಓಡುತ್ತದೆ. ಒಂದು ಮೆಟ್ಟಿಲಿನ ವ್ಯತ್ಯಾಸ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ತೋಳಿನ ಉದ್ದ ಮಾತ್ರ ಮರೆಯಬೇಡಿ. ಪೆಡಲ್ ತೂತಿನ ಹತ್ತಿರ, ತೋಳಿನ ಒಳಮೈಯಲ್ಲಿ 170, 172.5 ಅಂತ ಬರೆದಿರುತ್ತದೆ. ಹಳೆಯದರಲ್ಲಿ ಸುಖವಾಗಿದ್ದರೆ ಅದನ್ನೇ ತೆಗೆದುಕೊಳ್ಳಿ. 170ರಿಂದ 165ಕ್ಕೆ ಇಳಿದರೆ ಸೀಟನ್ನು 5 ಮಿ.ಮೀ. ಮೇಲೆತ್ತಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಶಿಮಾನೊ 2023ರ ಸೆಪ್ಟೆಂಬರ್‌ನಲ್ಲಿ ತನ್ನ 11 ಸ್ಪೀಡಿನ ಕೆಲವು ಕ್ರ್ಯಾಂಕುಗಳನ್ನು ಪರೀಕ್ಷಿಸಿ ಬದಲಿಸಿಕೊಡುವುದಾಗಿ ಘೋಷಿಸಿತು. ಅಲ್ಟೆಗ್ರಾ 6800, ಆರ್8000, ಡ್ಯುರಾ-ಏಸ್ 9000, ಆರ್9100, ಇವುಗಳಲ್ಲಿ 2019ರ ಜುಲೈಗೆ ಮುಂಚೆ ತಯಾರಾದವು. ತೋಳನ್ನು ಎರಡು ಭಾಗ ಅಂಟಿಸಿ ಮಾಡಿದ್ದು, ಆ ಅಂಟು ಬಿಡುವ ಸಾಧ್ಯತೆ ಇತ್ತು. ತಯಾರಿಕೆಯ ಎರಡಕ್ಷರದ ಸಂಕೇತ ತೋಳಿನ ಹಿಂಭಾಗದಲ್ಲಿದೆ. ಅಗ್ಗಕ್ಕೆ ಸಿಕ್ಕಿತು ಅಂತ ಇಂಥದ್ದನ್ನು ತಂದು ಘಾಟಿಗೆ ಹೋಗಬೇಡಿ. ಟಾರ್ಚ್ ಬಿಟ್ಟು ತೋಳಿನ ಅಂಚಿನ ಗೆರೆ ನೋಡಿ, ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ.

ಸಾಮಾನು

5, 8 ಮಿ.ಮೀ. ಅಲೆನ್ ಕೀ. ಪೆಡಲಿಗೆ 15ರ ಸ್ಪ್ಯಾನರ್ (ಕೆಲವಕ್ಕೆ ಹಿಂದಿನಿಂದ 6 ಅಥವಾ 8ರ ಅಲೆನ್). ಹಳೆಯದು ಸ್ಕ್ವೇರ್ ಟೇಪರ್ ಆಗಿದ್ದರೆ ತೋಳನ್ನು ದಂಡದಿಂದ ಎಳೆದು ಬಿಡಿಸುವ ಕ್ರ್ಯಾಂಕ್ ಪುಲ್ಲರ್ ಮತ್ತು 20 ಹಲ್ಲಿನ ಬಿಬಿ ಟೂಲ್. ಹೊಸ ಬಿಬಿಗೆ ಹೊಂದುವ ಕಪ್ಪಿನ ಸ್ಪ್ಯಾನರ್: ಶಿಮಾನೊದಲ್ಲೇ ಕಪ್ಪಿನ ಅಳತೆ 44, 41, 39 ಮಿ.ಮೀ. ಅಂತ ಬೇರೆ ಬೇರೆ ಇದೆ, ಬಿಬಿ ನೋಡಿ ತೆಗೆದುಕೊಳ್ಳಿ. ಹಾಲೋಟೆಕ್ 2ರ ಎಡ ಮುಚ್ಚಳ ತಿರುಗಿಸಲು ನಕ್ಷತ್ರದಾಕಾರದ ಸಣ್ಣ ಪ್ಲಾಸ್ಟಿಕ್ ಟೂಲ್. ರಬ್ಬರ್ ಸುತ್ತಿಗೆ, ಗ್ರೀಸ್, ಹಳೆ ಬಟ್ಟೆ, ಚೈನ್ ಕಟರ್.

ಎಷ್ಟು ಬಿಗಿಯಾಯ್ತು ಅಂತ ಅಳೆಯುವ ಟಾರ್ಕ್ ರೆಂಚ್ ಬೇಕಾ ಅಂದರೆ, ಎಡ ತೋಳಿನ ಎರಡು ಸಣ್ಣ ಬೋಲ್ಟಿಗೆ ಬೇಕು ಅಂತಲೇ ನನ್ನ ಅಭಿಪ್ರಾಯ. ಉಳಿದದ್ದನ್ನು ಕೈ ಅಳತೆಯಲ್ಲಿ ನಿಭಾಯಿಸಬಹುದು.

ಬಿಚ್ಚುವುದು

ಚೈನ್ ಚಿಕ್ಕ ರಿಂಗಿಗೆ ತನ್ನಿ. ಪೆಡಲ್ ಮೊದಲು ಬಿಚ್ಚಿ. ತೋಳು ಸೈಕಲ್ಲಿನಲ್ಲಿರುವಾಗ ಹಿಡಿತ ಚೆನ್ನಾಗಿರುತ್ತದೆ. ಎಡ ಪೆಡಲಿನ ಮರೆ ಉಲ್ಟಾ. ನೆನಪಿಡಲು ಸುಲಭ ದಾರಿ ಇದೆ: ಸ್ಪ್ಯಾನರನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು ಹಿಂದಿನ ಗಾಲಿಯ ಕಡೆ ಎಳೆದರೆ ಎರಡೂ ಪೆಡಲ್ ಬಿಚ್ಚುತ್ತವೆ. ಮುಂದಿನ ಗಾಲಿಯ ಕಡೆ ತಳ್ಳಿದರೆ ಬಿಗಿಯಾಗುತ್ತವೆ.

ಸ್ಕ್ವೇರ್ ಟೇಪರ್ ಕ್ರ್ಯಾಂಕಾದರೆ ಮಧ್ಯದ ಬೋಲ್ಟ್ ತೆಗೆಯಿರಿ, 8ರ ಅಲೆನ್ ಅಥವಾ 14ರ ಬಾಕ್ಸ್ ಸ್ಪ್ಯಾನರ್. ಒಳಗೆ ವಾಷರ್ ಕೂತಿದೆಯಾ ಅಂತ ಬೆಳಕು ಬಿಟ್ಟು ನೋಡಿ. ವಾಷರ್ ಒಳಗೇ ಇದ್ದರೆ ಪುಲ್ಲರ್ ದಂಡವನ್ನು ಒತ್ತುವ ಬದಲು ವಾಷರನ್ನೇ ಒತ್ತುತ್ತದೆ, ತೋಳಿನ ಮರೆ ಕಿತ್ತು ಬರುತ್ತದೆ. ಪುಲ್ಲರ್ ಕೈಯಲ್ಲೇ ತಿರುಗಿಸಿ ಪೂರ್ತಿ ಒಳಗೆ ಹೋಗಬೇಕು. ಎರಡು ಸುತ್ತು ಹಿಡಿದ ಮೇಲೆ ಸಾಕು ಅಂತ ಸ್ಪ್ಯಾನರ್ ಹಾಕಬೇಡಿ. ಆಮೇಲೆ ಪುಲ್ಲರಿನ ನಡುವಿನ ಸ್ಕ್ರೂ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ "ಟಕ್" ಅಂತ ತೋಳು ಸಡಿಲವಾಗುತ್ತದೆ.

ಹಾಲೋಟೆಕ್ 2 ಇನ್ನೂ ಸುಲಭ. ಎಡ ತೋಳಿನ ಎರಡು ಬೋಲ್ಟ್ ಸಡಿಲಿಸಿ. ಅವುಗಳ ನಡುವಿನ ಸೀಳಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತಗಡಿದೆ, ಸ್ಕ್ರೂಡ್ರೈವರ್ ತುದಿಯಲ್ಲಿ ಮೇಲೆತ್ತಿ. ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಎಡ ತೋಳು ಎಳೆಯಿರಿ. ಚೈನನ್ನು ರಿಂಗಿನಿಂದ ಇಳಿಸಿ, ದಂಡದ ಎಡ ತುದಿಗೆ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಬಲ ತೋಳು ದಂಡದ ಸಮೇತ ಆಚೆ ಬರುತ್ತದೆ.

ಇನ್ನು ಬಿಬಿ. ಬಿಎಸ್‌ಎಯಲ್ಲಿ ಬಲಗಡೆಯ ಮರೆ ಉಲ್ಟಾ, ಎಡಗಡೆಯದ್ದು ಮಾಮೂಲಿ. ಪೆಡಲಿಗೆ ಹೇಳಿದ್ದರ ವಿರುದ್ಧ ಇಲ್ಲಿನ ಲೆಕ್ಕ: ಮೇಲ್ಮುಖವಾಗಿ ಹಿಡಿದ ಸ್ಪ್ಯಾನರನ್ನು ಮುಂದಿನ ಗಾಲಿಯ ಕಡೆ ತಳ್ಳಿದರೆ ಎರಡೂ ಕಪ್ಪು ಬಿಚ್ಚುತ್ತವೆ, ಹಿಂದಕ್ಕೆ ಎಳೆದರೆ ಬಿಗಿಯಾಗುತ್ತವೆ. ಬಲಗಪ್ಪು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ ಅಂದರೆ ಜೋರು ಹಾಕುವ ಮುಂಚೆ ದಿಕ್ಕು ಇನ್ನೊಮ್ಮೆ ನೋಡಿ. ನಾಲ್ಕಾರು ಮಳೆಗಾಲ ಕಂಡ ಸ್ಟೀಲ್ ಫ್ರೇಮಾದರೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಇಡಿ. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಟೂಲ್ ಜಾರದಂತೆ ಒಬ್ಬರು ಒತ್ತಿ ಹಿಡಿಯಲಿ.

ಕೊಳವೆಯೊಳಗೆ ಇಣುಕಿ ನೋಡಿ

ಬಿಬಿ ತೆಗೆದ ತಕ್ಷಣ ಹೊಸದು ಹಾಕುವ ಆತುರ ಬೇಡ. ನಮ್ಮ ಕಡೆಯ ಸೈಕಲ್ಲಾದರೆ ಕೊಳವೆಯ ತಳದಲ್ಲಿ ಕೆಂಪು ಕೆಸರು ಗಂಜಿಯ ಹಾಗೆ ಕೂತಿರುತ್ತದೆ. ಸೀಟ್ ಪೋಸ್ಟ್ ಸಂದಿಯಿಂದ ಇಳಿದ ಮಳೆನೀರು, ಗಾಲಿ ಚಿಮ್ಮಿಸಿದ ಜಂಬಿಟ್ಟಿಗೆ ಮಣ್ಣು, ಹಳೆ ಗ್ರೀಸು, ಮೂರೂ ಸೇರಿದ್ದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಬೀಳುವ ಸೀಮೆ ಇದು. ನೀರು ಒಳಗೆ ಹೋಗದಂತೆ ಪೂರ್ತಿ ತಡೆಯಲು ಆಗುವುದಿಲ್ಲ, ಹೊರಗೆ ಹೋಗಲು ದಾರಿ ಬಿಡಬೇಕು.

ಬಟ್ಟೆ, ಹಳೆ ಟೂತ್ ಬ್ರಷ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಗ್ರೀಸರ್ ಹಾಕಿ ಮರೆಗಳನ್ನು ಹಲ್ಲುಹಲ್ಲೂ ತಿಕ್ಕಿ. ಕೊಳವೆಯ ಅಡಿಯಲ್ಲಿ ಸಣ್ಣ ತೂತಿದ್ದರೆ ತಂತಿ ಹಾಕಿ ಕೆಸರು ಬಿಡಿಸಿ, ನೀರು ಅಲ್ಲಿಂದಲೇ ಇಳಿಯಬೇಕು. ಗೇರ್ ಕೇಬಲ್ ಕೆಳಗೆ ಹಾದುಹೋಗುವ ಪ್ಲಾಸ್ಟಿಕ್ ತುಂಡಿನ ಸ್ಕ್ರೂ ಒಳಗೆ ಉದ್ದ ಚಾಚಿದೆಯಾ ನೋಡಿ. ಚಾಚಿದ್ದರೆ ಬಿಬಿಯ ನಡುವಿನ ಪ್ಲಾಸ್ಟಿಕ್ ಕೊಳವೆಗೆ ಉಜ್ಜುತ್ತದೆ. ಒಣಗಲು ಬಿಡಿ. ಆಮೇಲೆ ಮರೆಗಳಿಗೆ ಗ್ರೀಸ್ ಧಾರಾಳವಾಗಿ ಹಚ್ಚಿ. ಇಲ್ಲಿ ಜಿಪುಣತನ ಮಾಡಿದರೆ ಮುಂದಿನ ಸಲ ಬಿಚ್ಚುವಾಗ ಅಳಬೇಕಾಗುತ್ತದೆ.

ಜೋಡಿಸುವುದು

ಹೊಸ ಕಪ್ಪುಗಳ ಮೇಲೆ ಬಲ ಯಾವುದು, ಎಡ ಯಾವುದು ಅಂತ ಗುರುತಿರುತ್ತದೆ. ಬಲದ್ದರಿಂದ ಶುರು ಮಾಡಿ. ಬೆರಳಲ್ಲೇ ತಿರುಗಿಸಿ. ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಮೊದಲ ಅರ್ಧ ಸುತ್ತಿನಲ್ಲೇ ಬಿಗಿ ಅನ್ನಿಸಿದರೆ ಮರೆ ಅಡ್ಡ ಹಿಡಿದಿದೆ, ಬಿಚ್ಚಿ ಮತ್ತೆ ಹಿಡಿಸಿ. ನಡುವಿನ ಪ್ಲಾಸ್ಟಿಕ್ ಕೊಳವೆ ಬಿಡಬೇಡಿ, ಸೀಟ್ ಪೋಸ್ಟಿನಿಂದ ಇಳಿವ ನೀರು ಬೇರಿಂಗಿಗೆ ಹೋಗದಂತೆ ತಡೆಯುವುದು ಅದೇ. 68 ಮಿ.ಮೀ. ಕೊಳವೆಗೆ ರೋಡ್ ಬಿಬಿ ಹಾಕುವಾಗ ಸ್ಪೇಸರ್ ಬೇಡ. ಎಂಟಿಬಿಯ (ಮೌಂಟನ್ ಬೈಕಿನ) ಬಿಬಿ ಜೊತೆ ಸ್ಪೇಸರ್ ಬರುತ್ತದೆ, ಅದನ್ನು ನೋಡಿ ಗಲಿಬಿಲಿ ಆಗಬೇಡಿ. ಕೊನೆಯ ಬಿಗಿ 35ರಿಂದ 50 ನ್ಯೂಟನ್ ಮೀಟರ್, ಅಂದರೆ ಉದ್ದ ಸ್ಪ್ಯಾನರಿನಲ್ಲಿ ಚೆನ್ನಾಗಿ ಭಾರ ಬಿಟ್ಟು.

ದಂಡಕ್ಕೆ ತೆಳುವಾಗಿ ಗ್ರೀಸ್ ಸವರಿ. ಚೈನ್ ರಿಂಗಿನ ಒಳಗೆ ಕೊಳವೆಯ ಮೇಲೆ ಬೀಳುವಂತೆ ಬಿಟ್ಟು, ಬಲ ತೋಳನ್ನು ಬಲದಿಂದ ತೂರಿಸಿ. ಕೊನೆಗೆ ಬಿಗಿ ಅನ್ನಿಸಿದರೆ ರಬ್ಬರ್ ಸುತ್ತಿಗೆಯ ಒಂದೆರಡು ಪೆಟ್ಟು. ತೋಳಿಗೂ ಕಪ್ಪಿಗೂ ನಡುವೆ ಸಂದಿ ಉಳಿಯಬಾರದು.

ಎಡ ತೋಳನ್ನು ಬಲ ತೋಳಿಗೆ ಸರಿಯಾಗಿ ಎದುರು ದಿಕ್ಕಿಗೆ ಹಿಡಿದು ಕೂರಿಸಿ. ದಂಡದ ಹಲ್ಲುಗಳಲ್ಲಿ ಅಗಲದ್ದೊಂದು ಇರುವುದರಿಂದ ತಪ್ಪು ಕೋನದಲ್ಲಿ ಹೋಗುವುದಿಲ್ಲ. ಈಗ ಪ್ಲಾಸ್ಟಿಕ್ ಮುಚ್ಚಳ. ಇದರ ಕೆಲಸ ಬೇರಿಂಗಿನ ಸಡಿಲ ತೆಗೆಯುವುದು, ತೋಳು ಬಿಗಿಯುವುದಲ್ಲ. 0.7ರಿಂದ 1.5 ನ್ಯೂಟನ್ ಮೀಟರ್ ಅಂತ ಕೊಟ್ಟಿದ್ದಾರೆ, ಅಂದರೆ ಸಣ್ಣ ಟೂಲನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದಷ್ಟು. ಸ್ಪ್ಯಾನರ್ ಹಚ್ಚಿ ಬಿಗಿದರೆ ಬೇರಿಂಗ್ ಒತ್ತಿಕೊಂಡು ಬೇಗ ಸಾಯುತ್ತದೆ.

ಆಮೇಲೆ ಆ ಚಿಕ್ಕ ಪ್ಲಾಸ್ಟಿಕ್ ತಗಡನ್ನು ಕೆಳಗೆ ಒತ್ತಿ. ಅದರ ತುದಿಯ ಮೊಳೆಯಂಥ ಭಾಗ ದಂಡದ ತೂತಿನೊಳಗೆ ಕೂರಬೇಕು. ಕೂತರೆ ತೋಳು ಪೂರ್ತಿ ಒಳಗೆ ಹೋಗಿದೆ ಅಂತ ಅರ್ಥ. ತಗಡು ಅರ್ಧಕ್ಕೇ ನಿಂತು ಮೇಲೆ ಎದ್ದಿದ್ದರೆ ತೋಳು ಇನ್ನೂ ಒಂದೆರಡು ಮಿಲಿಮೀಟರ್ ಹೊರಗಿದೆ. ಅದನ್ನು ಹಾಗೇ ಬಿಟ್ಟು ಬೋಲ್ಟ್ ಬಿಗಿಯಬೇಡಿ. ಮುಚ್ಚಳ ಇನ್ನೊಂಚೂರು ತಿರುಗಿಸಿ, ಮತ್ತೆ ಒತ್ತಿ ನೋಡಿ. ಇಷ್ಟು ಸಣ್ಣ ಪ್ಲಾಸ್ಟಿಕ್ ಚೂರು ಯಾಕೆ ಅಂತ ಕಿತ್ತು ಬಿಸಾಕುವವರೂ ಇದ್ದಾರೆ. ಬೋಲ್ಟ್ ಸಡಿಲವಾದಾಗ ತೋಳು ಕಳಚಿ ಬೀಳದಂತೆ ಹಿಡಿದಿಡುವುದು ಅದೇ.

ಕೊನೆಗೆ ಎರಡು ಬೋಲ್ಟು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಇದನ್ನು ಸ್ವಲ್ಪ, ಅದನ್ನು ಸ್ವಲ್ಪ, ಹೀಗೆ ಬದಲಿಸುತ್ತಾ 12ರಿಂದ 14 ನ್ಯೂಟನ್ ಮೀಟರ್‌ಗೆ ತನ್ನಿ. ಎರಡನೆಯದು ಬಿಗಿಯಾದಾಗ ಮೊದಲನೆಯದು ಮತ್ತೆ ಸಡಿಲವಾಗಿರುತ್ತದೆ, ಆದ್ದರಿಂದ ಎರಡೂ ತಿರುಗದೆ ನಿಲ್ಲುವ ತನಕ ಮಾಡಿ. ಸ್ಕ್ವೇರ್ ಟೇಪರ್‌ನಲ್ಲೇ ಉಳಿಯುವವರು ಮಧ್ಯದ ಬೋಲ್ಟಿಗೆ 35ರಿಂದ 50 ಕೊಡಿ.

ಎರಡೂ ತೋಳು ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕಟಕಟ ಅಂದರೆ ಬೋಲ್ಟ್ ಸಡಿಲಿಸಿ ಮುಚ್ಚಳ ಒಂಚೂರು ಬಿಗಿ ಮಾಡಿ. ತಿರುಗಿಸಿದಾಗ ಭಾರ ಅನ್ನಿಸಿದರೆ ಸಡಿಲ ಮಾಡಿ. ಹೊಸ ಬಿಬಿಯ ಸೀಲ್ ಬಿಗಿ ಇರುವುದರಿಂದ ಕ್ರ್ಯಾಂಕ್ ಗಿರಗಿರ ಸುತ್ತದಿದ್ದರೆ ಚಿಂತೆ ಬೇಡ. ಪೆಡಲ್ ಮರೆಗೆ ಗ್ರೀಸ್ ಹಚ್ಚಿ ಹಾಕಿಬಿಡಿ.

ಮುಂದಿನ ಡಿರೇಲರ್ ಮತ್ತು ಚೈನ್

ಕ್ರ್ಯಾಂಕ್ ಹಾಕಿದವರು ಅರ್ಧ ಗೆದ್ದಂತೆ ಅಷ್ಟೇ. 50 ಇದ್ದ ಜಾಗಕ್ಕೆ 46 ಬಂದರೆ ರಿಂಗಿನ ಅಂಚು ಸುಮಾರು 8 ಮಿ.ಮೀ. ಕೆಳಗಿಳಿಯುತ್ತದೆ (ಒಂದು ಹಲ್ಲಿಗೆ 2 ಮಿ.ಮೀ. ಅಂತ ಲೆಕ್ಕ). ಡಿರೇಲರನ್ನೂ ಅಷ್ಟೇ ಇಳಿಸಬೇಕು.

ಕೇಬಲ್ ಬಿಚ್ಚಿ, ಡಿರೇಲರ್ ಹಿಡಿದ ಬೋಲ್ಟ್ ಸಡಿಲಿಸಿ. ಚೈನ್ ಹಾದುಹೋಗುವ ಡಿರೇಲರಿನ ಪಂಜರದ ಹೊರ ತಗಡಿಗೂ ದೊಡ್ಡ ರಿಂಗಿನ ಹಲ್ಲಿಗೂ ನಡುವೆ 1ರಿಂದ 3 ಮಿ.ಮೀ. ಇರುವಂತೆ ಇಳಿಸಿ. ಪಂಜರವನ್ನು ಕೈಯಲ್ಲಿ ಹೊರಕ್ಕೆ ಎಳೆದು, ಹಲ್ಲಿನ ನೇರಕ್ಕೆ ತಂದು ಅಳೆಯಬೇಕು. ಮೇಲಿನಿಂದ ನೋಡಿದರೆ ಹೊರ ತಗಡು ರಿಂಗಿಗೆ ಸಮಾನಾಂತರವಾಗಿರಲಿ. ಸೀಟ್ ಕೊಳವೆಗೆ ಪಟ್ಟಿ ಸುತ್ತಿ ಹಿಡಿಸುವ ಡಿರೇಲರಾದರೆ ಎಷ್ಟು ಬೇಕಾದರೂ ಇಳಿಯುತ್ತದೆ. ಫ್ರೇಮಿಗೇ ಬೆಸೆದ ಕಿವಿಗೆ ಹಿಡಿಸುವಂಥದ್ದಾದರೆ ಆ ಸೀಳಿನ ಉದ್ದದಷ್ಟೇ ಇಳಿಯುವುದು. ಇದನ್ನು ಕ್ರ್ಯಾಂಕ್ ಕೊಳ್ಳುವ ಮುಂಚೆಯೇ ಸ್ಕೇಲ್ ಹಿಡಿದು ನೋಡಿಕೊಳ್ಳಿ. ಇಳಿಸಿದಾಗ ಪಂಜರದ ಬಾಲ ಹಿಂದಿನ ಕೊಳವೆಗೆ ತಾಗುತ್ತದಾ ಅಂತಲೂ ನೋಡಿ.

ಆಮೇಲೆ ಲಿಮಿಟ್ ಸ್ಕ್ರೂ, ಅಂದರೆ ಡಿರೇಲರ್ ಒಳಕ್ಕೂ ಹೊರಕ್ಕೂ ಎಷ್ಟು ದೂರ ಸರಿಯಬೇಕು ಅಂತ ಮಿತಿ ಹಾಕುವ ಸ್ಕ್ರೂಗಳು. ಚಿಕ್ಕ ರಿಂಗ್, ಹಿಂದೆ ಅತಿ ದೊಡ್ಡ ಚಕ್ರ ಹಾಕಿ, ಒಳ ತಗಡು ಚೈನಿಗೆ ತಾಗದೆ ಅರ್ಧ ಮಿಲಿಮೀಟರಿನ ಒಳಗೆ ನಿಲ್ಲಲಿ. ಕೇಬಲ್ ಎಳೆದು ಕಟ್ಟಿ. ದೊಡ್ಡ ರಿಂಗ್, ಹಿಂದೆ ಅತಿ ಚಿಕ್ಕ ಚಕ್ರದಲ್ಲಿ ಹೊರ ತಗಡಿಗೂ ಅದೇ ರೀತಿ ಮಾಡಿ.

ಚೈನಿನ ವಿಷಯ. ಎರಡೂ ರಿಂಗ್ ನಾಲ್ಕು ಹಲ್ಲು ಚಿಕ್ಕದಾದರೆ ಚೈನ್ ಒಂದು ಇಂಚು ಉದ್ದವಾಗಿ ಉಳಿಯುತ್ತದೆ, ಅಂದರೆ ಒಂದು ಒಳ ಲಿಂಕ್, ಒಂದು ಹೊರ ಲಿಂಕ್ ತೆಗೆಯಬೇಕು. ಹೊಸ ಚೈನಾದರೆ ಹಿಂದಿನ ಡಿರೇಲರಿಗೆ ತೂರಿಸದೆ ದೊಡ್ಡ ರಿಂಗ್ ಮತ್ತು ಅತಿ ದೊಡ್ಡ ಚಕ್ರದ ಮೇಲೆ ಸುತ್ತಿ, ತುದಿ ಕೂಡುವ ಜಾಗಕ್ಕೆ ಒಂದು ಇಂಚು ಸೇರಿಸಿ ಕತ್ತರಿಸಿ. ಕತ್ತರಿಸುವ ಮುಂಚೆ ಎರಡು ಸಲ ಎಣಿಸಿ.

ಹಿಂದಿನ ಡಿರೇಲರ್ ಎಷ್ಟು ಸಡಿಲ ಎಳೆದುಕೊಳ್ಳುತ್ತದೆ ಅನ್ನುವುದಕ್ಕೂ ಮಿತಿ ಇದೆ. ಮುಂದಿನ ಎರಡು ರಿಂಗಿನ ವ್ಯತ್ಯಾಸಕ್ಕೆ ಕ್ಯಾಸೆಟ್ಟಿನ ವ್ಯತ್ಯಾಸ ಕೂಡಿಸಿ. 46/30ಕ್ಕೆ 11-34 ಅಂದರೆ 16 ಮತ್ತು 23, ಒಟ್ಟು 39. ಶಿಮಾನೊ 105 ಆರ್7000ರ ಉದ್ದ ಪಂಜರದ ಡಿರೇಲರ್ ಇದನ್ನು ಸರಿಯಾಗಿ ತಡೆಯುತ್ತದೆ. ಅದರ ಗಿಡ್ಡ ಪಂಜರದ್ದು 35ಕ್ಕೇ ನಿಲ್ಲುತ್ತದೆ.

ಸವೆದ ಹಳೆ ಚೈನನ್ನು ಹೊಸ ರಿಂಗಿಗೆ ಹಾಕಬೇಡಿ. ಸವೆತ ಅಳೆಯುವ ಚೈನ್ ಚೆಕರ್ 11 ಸ್ಪೀಡಿಗೆ 0.5 ತೋರಿಸಿದರೆ, 10 ಅಥವಾ ಕಡಿಮೆ ಸ್ಪೀಡಿಗೆ 0.75 ತೋರಿಸಿದರೆ ಬದಲಿಸುವ ಕಾಲ ಬಂತು.

ಮೊದಲ ಸವಾರಿ, ಆಮೇಲೆ ಮಳೆ

ಮೊದಲ ಸಲ ನೇರ ಘಾಟಿಗೆ ಹೋಗಬೇಡಿ. ಬೈಪಾಸ್ ರಸ್ತೆಯಲ್ಲೋ, ಗಾಜನೂರು ಡ್ಯಾಮಿನ ತನಕವೋ ಒಂದು ಸುತ್ತು ಹಾಕಿ. ಜೇಬಲ್ಲಿ 5ರ ಅಲೆನ್ ಇರಲಿ. ಮನೆಗೆ ಬಂದು ಎಡ ತೋಳಿನ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿ. ಏರಿನಲ್ಲಿ ನಿಂತು ತುಳಿಯುವಾಗ ಚೈನ್ ಒಳಗೆ ಬಿದ್ದರೆ ಒಳಗಿನ ಲಿಮಿಟ್ ಸ್ಕ್ರೂ ಕಾಲು ಸುತ್ತು ಒಳಗೆ ಮಾಡಿ.

ಕಟಕ್ ಅಂತ ಸದ್ದು ಬಂದರೆ ಎಲ್ಲರೂ ಮೊದಲು ಬೈಯುವುದು ಬಿಬಿಗೆ. ಅದು ಕೊನೆಯ ಆರೋಪಿ. ಮೊದಲು ಪೆಡಲ್ ಮರೆ, ಆಮೇಲೆ ರಿಂಗಿನ ಬೋಲ್ಟು, ಆಮೇಲೆ ಸೀಟ್ ಪೋಸ್ಟ್. ನಿಂತು ತುಳಿದಾಗ ಸದ್ದು ನಿಂತರೆ ತಪ್ಪು ಸೀಟಿನ ಕಡೆ ಇದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ತುಳಿಯುವವರಾದರೆ ಬಿಬಿಯನ್ನು ಟೈರಿನಂತೆ ಸವೆಯುವ ಸಾಮಾನು ಅಂತಲೇ ಲೆಕ್ಕ ಹಾಕಿ. ಸೀಲ್ ಇರುವ ಬೇರಿಂಗ್, ಮನೆಯಲ್ಲಿ ಬಿಚ್ಚಿ ಗ್ರೀಸ್ ತುಂಬುವಂಥದ್ದಲ್ಲ, ಪೂರ್ತಿ ಬದಲಿಸುವುದೇ. ವಾಟರ್ ಸರ್ವಿಸ್ ಅಂಗಡಿಯಲ್ಲಿ ಸ್ಕೂಟರಿನ ಜೊತೆ ಸೈಕಲ್ಲಿಗೂ ಪ್ರೆಷರ್ ಹೊಡೆಸಬೇಡಿ, ಆ ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ. ಬಕೆಟ್ ನೀರು, ಬ್ರಷ್ ಸಾಕು. ಮಳೆಯಲ್ಲಿ ನೆನೆದು ಬಂದ ದಿನ ಸೀಟ್ ಪೋಸ್ಟ್ ತೆಗೆದು ಸೈಕಲ್ ತಲೆಕೆಳಗೆ ನಿಲ್ಲಿಸಿ, ಒಳಗಿನ ನೀರು ಇಳಿಯಲಿ. ತೆಗೆಯುವ ಮುಂಚೆ ಎತ್ತರಕ್ಕೆ ಟೇಪಿನ ಗುರುತು ಹಾಕಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ಚೈನ್ ಇಳಿಸಿ ಕ್ರ್ಯಾಂಕನ್ನು ಕೈಯಲ್ಲಿ ನಿಧಾನ ತಿರುಗಿಸಿ. ಬೆರಳಿಗೆ ಮರಳು ಅರೆದ ಹಾಗೆ ತಟ್ಟಿದರೆ ಹೊಸ ಬಿಬಿ ತರಿಸಿ.

ಹಳೆ ಕ್ರ್ಯಾಂಕ್ ಚೆನ್ನಾಗಿದ್ದರೆ ಬೋಲ್ಟ್, ವಾಷರ್ ಸಮೇತ ಒಂದು ಕವರಿಗೆ ಹಾಕಿಡಿ. ಚೈನಿನಿಂದ ತೆಗೆದ ಲಿಂಕನ್ನೂ ಅದರಲ್ಲೇ ಇಡಿ. ಮತ್ತೆ ದೊಡ್ಡ ರಿಂಗ್ ಹಾಕುವ ಮನಸ್ಸಾದರೆ ಆ ಒಂದು ಇಂಚು ಬೇಕಾಗುತ್ತದೆ. ಸೇರಿಸಲು ಮಾತ್ರ ಅದೇ ಸ್ಪೀಡಿನ ಹೊಸ ಕ್ವಿಕ್ ಲಿಂಕ್ (ಚೈನಿನ ತುದಿ ಕೂಡಿಸುವ ಕೊಂಡಿ) ತರಬೇಕು.